ಕನಿಷ್ಠ ಉಷ್ಣಾಂಶ

ಊರೆಲ್ಲ ಗರಿಷ್ಠ ನೋಡುತ್ತದೆ, ನಾನು ಕನಿಷ್ಠ ನೋಡುವವಳು. ಟಿ.ವಿ.ಯ ಮರಾಠಿ ವಾರ್ತೆಯವರು ಕೆಂಪು ನಕ್ಷೆ ಹಾಕಿ, ಪುಣೆಯಲ್ಲಿ ನಾಳೆ ನಲವತ್ತೊಂದು, ಮನೆಯಿಂದ ಹೊರಗೆ ಬೀಳಬೇಡಿ ಅಂತ ಹೆದರಿಸುತ್ತಾ ಇದ್ದರೆ ನನ್ನ ಕಣ್ಣು ಕೆಳಗಿನ ಸಣ್ಣ ಅಂಕಿಯ ಮೇಲೆ. ರಾತ್ರಿ ಎಷ್ಟಕ್ಕೆ ಇಳಿಯುತ್ತದೆ? ಇಪ್ಪತ್ತೆರಡಾ? ಇಪ್ಪತ್ತಾರಾ? ಹಗಲು ಎಷ್ಟು ಬೇಕಾದರೂ ಸುಡಲಿ ಮಾರಾಯ್ರೆ, ಫ್ಯಾನುಂಟು, ಮಜ್ಜಿಗೆಯುಂಟು. ಇಡ್ಲಿ ಹಿಟ್ಟಿಗೆ ಲೆಕ್ಕ ರಾತ್ರಿಯದ್ದು.

ನಮ್ಮದು ಮಾರ್ಕೆಟ್ ಯಾರ್ಡಿನ ಹತ್ತಿರ ಸಣ್ಣ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ, ಹಿಂದೆ ತಗಡಿನ ಮಾಡಿನ ಅಡುಗೆಮನೆ. ಮಾವ ಕುಂದಾಪುರದ ಕಡೆಯಿಂದ ಬಂದು ಶುರು ಮಾಡಿದ್ದು. ಮಾವ ಹೋದ ಮೇಲೆ ಗಲ್ಲಾದಲ್ಲಿ ಕೂರುವುದು ನನ್ನ ಯಜಮಾನರು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಹೊತ್ತಿಗೆ ಈರುಳ್ಳಿ ಚೀಲ ಇಳಿಸಿದ ಹಮಾಲರು, ಟೆಂಪೊ ಡ್ರೈವರುಗಳು ಬಾಗಿಲಲ್ಲೇ ನಿಂತಿರುತ್ತಾರೆ. ಅವರಿಗೆ ಇಡ್ಲಿ ಬೇಕು, ಬಿಸಿಯಾಗಿ ಬೇಕು, ಈಗಲೇ ಬೇಕು.

ಸೊಸೆಯಾಗಿ ಬಂದ ಎರಡನೇ ವರ್ಷದಿಂದ ಹಿಟ್ಟಿನ ಜವಾಬ್ದಾರಿ ನನ್ನದು. ಅಕ್ಕಿ ಉದ್ದು ಗ್ರೈಂಡರಿನಲ್ಲಿ ಕಡೆಯಲಿಕ್ಕೆ ಆಳು ಉಂಟು, ಬೇಯಿಸಲಿಕ್ಕೆ ಭಟ್ಟರಿದ್ದಾರೆ. ಆದರೆ ಎಷ್ಟು ಗಂಟೆಗೆ ಕಡೆಯಬೇಕು, ಬೆಳಿಗ್ಗೆ ಹಿಟ್ಟು ಸರಿಯಾಗಿದೆಯೋ ಇಲ್ಲವೋ ಅಂತ ಹೇಳುವುದು ನಾನು. ಮಾವನ ಕಾಲದಿಂದ ನಮ್ಮ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟು: ಮೊದಲ ಇಡ್ಲಿ ಮೂಲೆಯ ದೇವರ ಮುಂದೆ ಇಡುವವರೆಗೆ ಯಾರೂ ಯಾವುದನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಉಪ್ಪು, ಹುಳಿ, ಖಾರ, ಏನೇ ಇರಲಿ, ಕೈಯಲ್ಲಿ ತಿಳಿಯಬೇಕು, ಮೂಗಿನಲ್ಲಿ ತಿಳಿಯಬೇಕು. ಎಂಜಲು ಅಂದರೆ ಎಂಜಲೇ. ಬೆರಳು ನೆಕ್ಕಿದ ಒಬ್ಬ ಅಡುಗೆಯವನನ್ನು ಮಾವ ಅದೇ ದಿನ ಊರಿಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ನಾನು ಪಾತ್ರೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದು "ಸರಿ ಉಂಟು" ಅಂದರೆ ಮಾವ ಮರುಮಾತಾಡುತ್ತಿರಲಿಲ್ಲ. ಊರಿನಿಂದ ಬಂದವರ ಹತ್ತಿರ, ಸೊಸೆಯ ಮೂಗಿಗೆ ಗಡಿಯಾರವೇ ಬೇಡ ಅಂತ ಹೇಳಿಕೊಂಡು ತಿರುಗುತ್ತಿದ್ದರು. ನನಗೂ ಕೊಬ್ಬು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮೂಗು ಹೋಗಿ ಮೂರು ವರ್ಷವಾಗಿತ್ತು.

ಜ್ವರ ಬಂತು, ಎಲ್ಲರಿಗೂ ಬಂದ ಹಾಗೆ. ಹತ್ತು ದಿನ ಮಲಗಿದೆ, ಎದ್ದೆ. ಕಾಫಿ ಕುಡಿದರೆ ಬರೀ ಬಿಸಿ ನೀರು, ಕಹಿ ನೀರು. ಡಾಕ್ಟರು ಬರುತ್ತದೆ ಬರುತ್ತದೆ ಅಂದರು. ಎಲ್ಲಿಯ ಬರುವುದು! ಇಂಗಿನ ಡಬ್ಬದೊಳಗೆ ಮುಖ ಇಟ್ಟರೂ ಏನೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಕಹಿ ಗೊತ್ತಾಗುತ್ತಿತ್ತು, ಪರಿಮಳ ಮಾತ್ರ ಸಂಪೂರ್ಣ ಬಂದ್. ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ, ಊರಲ್ಲಿರುವ ಅಕ್ಕನಿಗೂ ಇಲ್ಲ. ಯಾಕೆ ಅಂದರೆ ಹೆದರಿಕೆ, ಮತ್ತೇನು? ಗಲ್ಲಾ ನನ್ನದಲ್ಲ, ಬೋರ್ಡಿನ ಮೇಲಿನ ಹೆಸರು ನನ್ನದಲ್ಲ, ಆ ಹೋಟೆಲಿನಲ್ಲಿ ನನ್ನದು ಅಂತ ಇದ್ದದ್ದು ಆ ನಾಲ್ಕು ಪಾತ್ರೆ ಹಿಟ್ಟು. ಅದೂ ಕೈತಪ್ಪಿದರೆ ಮೇಲೆ ಮನೆಯಲ್ಲಿ ಟಿ.ವಿ. ನೋಡಿಕೊಂಡು ಕೂರಬೇಕು. ನನ್ನಿಂದ ಆಗುವ ಕೆಲಸವಾ ಅದು?

ಹಾಗಾಗಿ ಹವಾಮಾನ ಹಿಡಿದುಕೊಂಡೆ. ರಾತ್ರಿ ಇಪ್ಪತ್ತೆರಡಕ್ಕೆ ಇಳಿಯುವುದಾದರೆ ಆರು ಗಂಟೆಗೆ ಕಡೆಯುವುದು. ಇಪ್ಪತ್ತನಾಲ್ಕಾದರೆ ಏಳಕ್ಕೆ. ಇಪ್ಪತ್ತಾರಾದರೆ ಎಂಟರ ನಂತರ, ಗ್ರೈಂಡರಿಗೆ ಐಸ್ ಹಾಕಿ. ಬೆಳಿಗ್ಗೆ ಪಾತ್ರೆಯ ಮೇಲೆ ಬಗ್ಗಿ ಉಸಿರೆಳೆಯುವ ನಾಟಕ ಬಿಡಲಿಲ್ಲ. ಕಣ್ಣಿಂದ ಗುಳ್ಳೆ ನೋಡುವುದು, ಎಷ್ಟು ಉಬ್ಬಿದೆ ನೋಡುವುದು, ಮನಸ್ಸಿನಲ್ಲಿ ಹಿಂದಿನ ರಾತ್ರಿಯ ಅಂಕಿ ನೆನೆಯುವುದು, "ಸರಿ ಉಂಟು" ಅನ್ನುವುದು. ಪುಣೆಯ ರಾತ್ರಿ ಒಳ್ಳೆಯದು. ಬೇಸಿಗೆಯಲ್ಲೂ ಸೂರ್ಯ ಮುಳುಗಿದ ಮೇಲೆ ಗಾಳಿ ತಂಪಾಗುತ್ತದೆ. ಮೂರು ವರ್ಷ ಹೀಗೇ ದಾಟಿತು, ಒಂದು ದಿನ ಎಡವಟ್ಟಾಗಲಿಲ್ಲ.

ಈ ವರ್ಷದ ಸೆಕೆ ಆ ಲೆಕ್ಕವನ್ನೆಲ್ಲ ಹಾಳು ಮಾಡಿತು. ಏಪ್ರಿಲ್ ಅರ್ಧದಲ್ಲೇ ಹಗಲು ನಲವತ್ತು ದಾಟಿತು, ರಾತ್ರಿ ಇಳಿಯುವುದನ್ನೇ ಮರೆಯಿತು. ಗೋಡೆ ಮುಟ್ಟಿದರೆ ಬಿಸಿ, ನಲ್ಲಿ ತಿರುಗಿಸಿದರೆ ಬಿಸಿ, ಅಕ್ಕಿ ನೆನೆಸಿದ ನೀರೂ ಬೆಚ್ಚಗೆ. ಫ್ರಿಜ್ಜಿನಲ್ಲಿ ಇಡಬಾರದಾ ಅಂತ ಕೇಳುವ ಬುದ್ಧಿವಂತರಿದ್ದಾರೆ. ನಾಲ್ಕು ದೊಡ್ಡ ಪಾತ್ರೆ ಹಿಡಿಯುವ ಫ್ರಿಜ್ಜು ಎಲ್ಲಿಂದ ತರಲಿ? ಹಿಟ್ಟು ಉಬ್ಬುವ ಮೊದಲೇ ತಣ್ಣಗೆ ಮಾಡಿದರೆ ಇಡ್ಲಿ ಕಲ್ಲಾಗುತ್ತದೆ, ಅದೂ ಬೇರೆ.

ನನ್ನ ಮೊಬೈಲಿನಲ್ಲಿ ಹವಾಮಾನ ಹೇಳುವ ಆ್ಯಪು ಮೂರು ಇದ್ದವು, ಮೂರಕ್ಕೂ ಮೂರು ಅಂಕಿ. ಒಂದು ಇಪ್ಪತ್ತಮೂರು ಅಂದರೆ ಇನ್ನೊಂದು ಇಪ್ಪತ್ತೇಳು. ಪೇಪರಿನವರು ಶಿವಾಜಿನಗರದ್ದು ಬೇರೆ ಹಾಕುತ್ತಿದ್ದರು, ಲೋಹಗಾಂವದ್ದು ಬೇರೆ. ನಮ್ಮ ತಗಡಿನ ಮಾಡಿನ ಕೆಳಗೆ ಎಷ್ಟು ಅಂತ ಯಾವ ಪುಣ್ಯಾತ್ಮ ಹೇಳುತ್ತಾನೆ? ಬೆಳಿಗ್ಗೆ ಏಳುವಾಗ ನೋಡಿದೆ, ಹಲ್ಲುಜ್ಜುವಾಗ ನೋಡಿದೆ, ತೆಂಗಿನಕಾಯಿ ತುರಿಯುತ್ತಾ ಎಡಗೈಯಲ್ಲಿ ನೋಡಿದೆ. ಮೊಬೈಲ್ ಗಾಜಿಗೆಲ್ಲ ಕಾಯಿಹಾಲು. ಐದು ನಿಮಿಷದಲ್ಲಿ ಅಂಕಿ ಬದಲಾಗುವುದಿಲ್ಲ ಅಂತ ನನಗೂ ಗೊತ್ತುಂಟು, ಆದರೂ ಬೆರಳು ಕೇಳಬೇಕಲ್ಲ. ಮೆಟ್ಟಿಲು ಹತ್ತುವುದು, ಇಳಿಯುವುದು, ಹೊರಗೆ ಹೋಗಿ ಆಕಾಶ ನೋಡುವುದು, ಒಳಗೆ ಬಂದು ಯಾರಿಗಾದರೂ ಬೈಯುವುದು. ಯಜಮಾನರು ನಗಾಡುತ್ತಿದ್ದರು: "ಹವಾಮಾನದ ಆಫೀಸಿನಲ್ಲಿ ನಿನಗೊಂದು ಕುರ್ಚಿ ಹಾಕಿಸುವ, ಆಗಬಹುದಾ?" ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೆಚ್ಚು ಬೈಸಿಕೊಂಡದ್ದು ಕಡೆಯುವವನು. ಬೈಂದೂರಿನ ಕಡೆಯವ, ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಗ್ರೈಂಡರು ಅವನದೇ. ಈಗ ವಯಸ್ಸು ನಲವತ್ತೈದರ ಮೇಲೆ. ಮಾತು ಕಮ್ಮಿ, ನಡಿಗೆ ನಿಧಾನ, ಏನು ಹೇಳಿದರೂ "ಆಯ್ತಕ್ಕ". ಸೆಕೆಯಲ್ಲಿ ಆ "ಆಯ್ತಕ್ಕ" ಕೇಳಿದರೇ ನನ್ನ ಮಂಡೆ ಬಿಸಿ. ಎದುರು ಮಾತಾಡುವವರ ಹತ್ತಿರವಾದರೆ ಜಗಳ ಮಾಡಿ ಮುಗಿಸಬಹುದು, ಇವನ ಹತ್ತಿರ ಎಂತ ಮಾಡುವುದು?

ಎರಡು ಬೀದಿ ಆಚೆ ಇರುವ ನಿವೃತ್ತ ಮಾಸ್ತರರು ನಮ್ಮ ದಿನನಿತ್ಯದ ಗಿರಾಕಿ, ಮರಾಠಿಯವರು. ಅವರ ಮೊಮ್ಮಗನ ಮುಂಜಿ ಬಂತು. ಬೆಳಗಿನ ತಿಂಡಿಗೆ ಮುನ್ನೂರು ಇಡ್ಲಿ ನಿಮ್ಮಲ್ಲಿಂದಲೇ ಆಗಬೇಕು ಅಂತ ಹದಿನೈದು ದಿನ ಮೊದಲೇ ಹೇಳಿ ಹೋಗಿದ್ದರು. ನಂಟರಿಗೆಲ್ಲ ನಮ್ಮ ಇಡ್ಲಿಯ ಬಗ್ಗೆ ಹೇಳಿ ಇಟ್ಟಿದ್ದಾರಂತೆ. ನನಗೆ ಆ ಹದಿನೈದು ದಿನ ನಿದ್ದೆ ಸರಿ ಇಲ್ಲ.

ಮುಂಜಿಯ ಹಿಂದಿನ ದಿನ ಮಧ್ಯಾಹ್ನ ಮೂರೂ ಆ್ಯಪು ಒಂದೇ ಮಾತು ಹೇಳಿದವು: ಸಂಜೆ ಗುಡುಗು ಮಳೆ, ರಾತ್ರಿ ಇಪ್ಪತ್ತೊಂದು. ನನಗೆ ಕುಣಿಯುವಷ್ಟು ಖುಷಿ. ನಾಲ್ಕು ಗಂಟೆಗೆ ಪಡುವಣ ದಿಕ್ಕು ಕಪ್ಪಾಯಿತು. ಗಾಳಿ ಎದ್ದಿತು, ಯಾರ್ಡಿನ ಈರುಳ್ಳಿ ಸಿಪ್ಪೆ, ಧೂಳು, ಕಾಗದ ಎಲ್ಲ ನಮ್ಮ ಮೇಜಿನ ಮೇಲೆ. ಇಲ್ಲಿಯವರು ವಳೀವ ಅಂತ ಕರೆಯುವ ಬೇಸಿಗೆ ಮಳೆ ಬಂದೇಬಿಟ್ಟಿತು ಅಂತ ಹಮಾಲರು ತಲೆಗೆ ಗೋಣಿ ಹಾಕಿಕೊಂಡರು. ನಾನು ಅಡುಗೆಮನೆಗೆ ಹೋಗಿ ಕಡೆಯುವವನಿಗೆ ಹೇಳಿದೆ, "ಐದೂವರೆಗೆ ಶುರು ಮಾಡು. ಐಸ್ ಬೇಡ. ತಂಪಿಗೆ ಹಿಟ್ಟು ಏಳದಿದ್ದರೆ ಮುಂಜಿಯ ಮನೆಯಲ್ಲಿ ಮರ್ಯಾದೆ ಹೋಗ್ತದೆ."

ಅವನು ಹೊರಗೆ ಬಂದು ಆಕಾಶ ನೋಡಿದ. "ಅಕ್ಕ, ಇದು ಬರುವ ಮಳೆ ಅಲ್ಲ ಅಂತ ಕಾಣ್ತದೆ. ಎಂಟಕ್ಕೆ ಕಡೆಯುವನಾ?"

"ಮೂರು ಮೂರು ಕಡೆ ಹೇಳಿದ್ದಾರೆ ಮಳೆ ಅಂತ. ನೀನು ಅವರಿಗಿಂತ ದೊಡ್ಡವನಾ?"

"ಆಯ್ತಕ್ಕ."

ಐದೂವರೆಗೆ ಗ್ರೈಂಡರು ಶುರುವಾಯಿತು. ಆರು ಗಂಟೆಗೆ ಮಳೆ ಬಂತು, ಎಣಿಸಿ ನಾಲ್ಕು ಹನಿ. ಗಿರಾಕಿಗಳೆಲ್ಲ ಮೂಗು ಮೇಲೆ ಮಾಡಿ ಆಹಾ, ಮಣ್ಣಿನ ವಾಸನೆ ಅಂದರು, ನಾನೂ ಹೌದು ಹೌದು ಅಂದೆ. ಅಷ್ಟೇ, ಮುಗಿಯಿತು. ಮೋಡ ಮಾತ್ರ ಹೋಗಲಿಲ್ಲ. ಹಗಲಿನ ಸೆಕೆಯನ್ನು ಮುಚ್ಚಳ ಹಾಕಿ ಇಟ್ಟ ಹಾಗೆ ಊರಿನ ಮೇಲೆ ಕೂತುಬಿಟ್ಟಿತು. ಮೊಬೈಲ್ ನೋಡಿದರೆ ಇಪ್ಪತ್ತೊಂದು ಇದ್ದದ್ದು ಸದ್ದಿಲ್ಲದೆ ಇಪ್ಪತ್ತೆಂಟಾಗಿದೆ! ಯಾರ ಕಾಲರ್ ಹಿಡಿಯಲಿ?

ಬೆಳಿಗ್ಗೆ ನಾಲ್ಕೂವರೆಗೆ ಕೆಳಗಿಳಿದೆ. ನಾಲ್ಕೂ ಪಾತ್ರೆಯ ಮುಚ್ಚಳ ಮೇಲೆದ್ದು ಹಿಟ್ಟು ಹೊರಗೆ ಸುರಿದಿತ್ತು. ಅವನು ನೆಲ ಒರೆಸುತ್ತಿದ್ದ. ಭಟ್ಟರು ಇನ್ನೂ ಬಂದಿರಲಿಲ್ಲ. ನಾನು ಬಗ್ಗಿದೆ, ಉಸಿರೆಳೆದೆ. ಎಂದಿನ ಹಾಗೆ ಏನೂ ಇಲ್ಲ. ಉಬ್ಬಿದ್ದು ಜಾಸ್ತಿ, ಆದರೆ ಕುಸಿದಿರಲಿಲ್ಲ. ಹುಳಿಯಾಗಿರಬಹುದು, ಆಗದೆಯೂ ಇರಬಹುದು. ಬೆರಳಿನ ತುದಿಗೆ ಹಿಟ್ಟು ತಾಗಿತ್ತು. ಒಮ್ಮೆ ನಾಲಿಗೆಗೆ ಇಟ್ಟರೆ ಸಾಕು, ಗೊತ್ತಾಗುತ್ತದೆ. ಕೈ ಎತ್ತಿದೆ ಕೂಡಾ. ದೇವರ ಮೂಲೆಯಲ್ಲಿ ದೀಪ ಉರಿಯುತ್ತಿತ್ತು, ಅವನು ನನ್ನನ್ನೇ ನೋಡುತ್ತಿದ್ದ. ಕೈ ಸೀರೆಗೆ ಒರೆಸಿಕೊಂಡೆ.

"ಸರಿ ಉಂಟು. ತಟ್ಟೆಗೆ ಹಾಕಲಿಕ್ಕೆ ತಯಾರು ಮಾಡು."

ಅವನು ನಿಂತೇ ಇದ್ದ. "ಅಕ್ಕ, ಇನ್ನೊಂದು ಸಲ ನೋಡ್ತೀರಾ?"

"ಎಷ್ಟು ಸಲ ನೋಡಬೇಕು ನಿನಗೆ? ಸರಿ ಉಂಟು ಅಂದೆನಲ್ಲ!"

"ಆಯ್ತಕ್ಕ."

ನಾನು ಸರಿ ಅಂದ ಮೇಲೆ ಭಟ್ಟರೂ ಕೇಳಲಿಲ್ಲ, ಮುನ್ನೂರು ಇಡ್ಲಿ ಮುಂಜಿ ಮನೆಗೆ ಹೋಯಿತು, ಹಮಾಲರು ಸಾಂಬಾರಿನಲ್ಲಿ ಮುಳುಗಿಸಿ ಗಬಗಬ ತಿಂದು ಹೋದರು, ಬಾಯಿಗೆ ಹಾಕಿ ನೋಡುವ ಧೈರ್ಯ ನನಗೆ ಬರಲಿಲ್ಲ. ಒಂಬತ್ತು ಗಂಟೆಗೆ ಮಾಸ್ತರರು ಬಂದರು. ಮುಂಜಿ ಮನೆಯ ಯಜಮಾನ, ರೇಷ್ಮೆ ಧೋತರದಲ್ಲಿ, ಬಿಸಿಲಲ್ಲಿ ನಡೆದುಕೊಂಡು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವರು ಗಲ್ಲಾದ ಹತ್ತಿರ ನಿಂತು ತಗ್ಗಿದ ದನಿಯಲ್ಲಿ, "ವಹಿನಿ, ಇಡ್ಲಿ ಫಾರ್ ಆಂಬಟ್ ಝಾಲಿ ಹೋ" ಅಂದರು. ವಿಪರೀತ ಹುಳಿಯಾಗಿದೆಯಂತೆ. ಮಕ್ಕಳು ಉಗಿದರಂತೆ, ಬೀಗರು ತಟ್ಟೆ ಸರಿಸಿದರಂತೆ. ಬೇಕರಿಯಿಂದ ಏನೋ ತರಿಸಿದೆವು, ಬಿಡಿ, ಆಗುತ್ತದೆ ಅಂತ ನಮಗೇ ಸಮಾಧಾನ ಹೇಳಿ ಹೋದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಯಜಮಾನರಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ಇಡೀ ಬೀದಿಗೆ ಕೇಳುತ್ತದೆ. ಅಡುಗೆಮನೆಗೆ ಬಂದವರೇ ಕಡೆಯುವವನನ್ನು ಹಿಡಿದರು.

"ಯಾವಾಗ ಕಡೆದದ್ದು?"

"ಐದೂವರೆಗೆ ಶೇಟ್ರೆ."

"ಈ ಸೆಕೆಯಲ್ಲಿ ಐದೂವರೆಗಾ? ಇಪ್ಪತ್ತು ವರ್ಷ ಮಣ್ಣು ಹೊತ್ತಿದ್ದಾ ಇಲ್ಲಿ? ಮಂಡೆ ಉಂಟಾ ನಿನಗೆ?"

ಅವನು ನನ್ನ ಕಡೆ ನೋಡಿದ. ಅರ್ಧ ಕ್ಷಣ ಇರಬಹುದು. ನಾನು ಒಂದು ತಟ್ಟೆ ಒರೆಸುತ್ತಿದ್ದೆ. ಒರೆಸಿದ್ದನ್ನೇ ಒರೆಸಿದೆ.

"ತಪ್ಪಾಯ್ತು ಶೇಟ್ರೆ" ಅಂದ ಅವನು.

"ಸಂಜೆಯ ಬಸ್ಸಿಗೆ ಊರಿಗೆ ಹೋಗು. ಬೇಕಾದಾಗ ಕರೆಯುತ್ತೇನೆ." ಹಾಗಂದರೆ ಏನು ಅಂತ ನಮ್ಮ ಹೋಟೆಲಿನ ತಟ್ಟೆ ತೊಳೆಯುವವರಿಗೂ ಗೊತ್ತು. ಹಾಗೆ ಹೋದವರನ್ನು ಕರೆದದ್ದಿಲ್ಲ.

ಆ ದಿನ ನಲವತ್ತೊಂದೋ ನಲವತ್ತೆರಡೋ, ನನಗೆ ನೆನಪಿಲ್ಲ. ಮೇಲೆ ಹೋದೆ, ಕೂರಲಾಗಲಿಲ್ಲ. ಕೆಳಗೆ ಬಂದೆ, ನಿಲ್ಲಲಾಗಲಿಲ್ಲ. ಬಟ್ಟೆ ಮಡಚಿದೆ, ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದೆ. ಹೇಳಿಬಿಡುವ ಅಂದುಕೊಂಡು ಎರಡು ಸಲ ಗಲ್ಲಾದವರೆಗೆ ಹೋಗಿ, ಮೆಣಸು ತರಿಸಬೇಕು, ಸೋಪು ಮುಗಿದಿದೆ ಅಂತ ಹೇಳಿ ವಾಪಸು ಬಂದೆ. ನನ್ನ ಮನಸ್ಸು ಎಂತೆಂತ ವಕಾಲತ್ತು ಮಾಡಿತು ಗೊತ್ತುಂಟಾ? ಮಳೆ ಬರದಿದ್ದರೆ ನನ್ನ ತಪ್ಪಾ? ಅವನಿಗೆ ಬಾಯಿಲ್ಲವಾ? ಹುಳಿ ಅಂತ ಗೊತ್ತಿದ್ದರೆ ಹುಳಿ ಅನ್ನಬೇಕಿತ್ತಪ್ಪ, ಇನ್ನೊಂದು ಸಲ ನೋಡ್ತೀರಾ ಅಂತ ಮೆಲ್ಲಗೆ ಕೇಳುವುದು ಯಾಕೆ? ತಪ್ಪಾಯ್ತು ಅಂತ ಒಪ್ಪಿಕೊಂಡದ್ದು ಯಾಕೆ? ಕೊನೆಗೆ ಅವನ ಮೇಲೆಯೇ ಸಿಟ್ಟು ಬಂತು. ನನ್ನನ್ನು ಸಣ್ಣವಳನ್ನಾಗಿ ಮಾಡಿ ಹೋಗುತ್ತಿದ್ದಾನೆ ಅಂತ.

ನಾಲ್ಕು ಗಂಟೆಗೆ ಅಡುಗೆಮನೆಗೆ ಹೋದೆ. ಅವನ ಬ್ಯಾಗು ಹಿಂಬಾಗಿಲ ಹತ್ತಿರ ಇತ್ತು. ಅವನು ಗ್ಯಾಸ್ ಸಿಲಿಂಡರುಗಳ ಎದುರು ಕುಕ್ಕುರುಗಾಲಿನಲ್ಲಿ ಕೂತು ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡುತ್ತಿದ್ದ. ತಗಡಿನ ಕೆಳಗೆ ಇಬ್ಬರೇ, ಬೆವರು ಧಾರೆ.

"ಹುಳಿ ಅಂತ ನಿನಗೆ ಬೆಳಿಗ್ಗೆಯೇ ಗೊತ್ತಿತ್ತಲ್ಲ?"

"ಗೊತ್ತಿತ್ತಕ್ಕ."

"ಮತ್ತೆ ಬಾಯಲ್ಲಿ ಎಂತ ಇಟ್ಟುಕೊಂಡಿದ್ದೆ? ಹೇಳಲಿಕ್ಕೆ ಏನಾಗಿತ್ತು?"

ಅವನು ತಲೆ ಎತ್ತಲಿಲ್ಲ. "ಹೇಳಿದರೆ ನಿಮ್ಮ ಮೂಗಿನ ವಿಷಯ ಹೇಳಬೇಕಾಗ್ತಿತ್ತು."

ನಾನು ಹಿಂಬಾಗಿಲು ಎಳೆದು ಮುಚ್ಚಿದೆ. ಎಷ್ಟು ಸಮಯದಿಂದ ಗೊತ್ತು ಅಂತ ಕೇಳಿದೆ.

"ಜ್ವರ ಬಿಟ್ಟು ನೀವು ಕೆಳಗೆ ಇಳಿದ ವಾರದಲ್ಲಿ. ಈ ಪೈಪು ಸೋರ್ತಿತ್ತು. ಹೊರಗೆ ಬೀದಿಯವರೆಗೆ ಗ್ಯಾಸಿನ ವಾಸನೆ. ನೀವು ಇಲ್ಲೇ ನಿಂತು ದೇವರಿಗೆ ದೀಪ ಹಚ್ಚಲಿಕ್ಕೆ ಬೆಂಕಿಕಡ್ಡಿ ತೆಗೆದ್ರಿ. ನಾನು ಓಡಿ ಬಂದು ಕೈಯಿಂದ ಕಿತ್ತುಕೊಂಡೆ."

ನೆನಪಾಯಿತು. ದೇವರ ಬೆಂಕಿಪೆಟ್ಟಿಗೆ ಮೈಲಿಗೆ ಕೈಯಲ್ಲಿ ಮುಟ್ಟುತ್ತೀಯಾ ಅಂತ ಆ ದಿನ ಭಟ್ಟರೆಲ್ಲ ಬಂದ ಮೇಲೆ ಅವರ ಎದುರು ಅವನ ಜನ್ಮ ಜಾಲಾಡಿದ್ದೆ. ಅವನು ಅಂದೂ "ಆಯ್ತಕ್ಕ" ಅಂದಿದ್ದ.

"ಆವತ್ತಿನಿಂದ ದಿನಾ ಸಂಜೆ ಪೈಪು ನಾನೇ ನೋಡ್ತೇನೆ" ಅಂದ. "ಬೆಳಿಗ್ಗೆ ನೀವು ಇಳಿಯುವ ಮೊದಲು ಕಿಟಕಿ ತೆಗೆದಿಡ್ತೇನೆ. ನಾಳೆಯಿಂದ ಭಟ್ರಿಗೆ ಹೇಳಿಹೋಗುವ ಅಂತ ಮಧ್ಯಾಹ್ನದಿಂದ ಯೋಚನೆ ಮಾಡ್ತಿದ್ದೇನೆ. ಹೇಗೆ ಹೇಳುವುದು? ಯಾಕೆ ಅಂತ ಕೇಳ್ತಾರಲ್ಲ."

"ನಿನ್ನ ಕೆಲಸ ಹೋಯ್ತಲ್ಲ ಮಾರಾಯ! ಶೇಟ್ರ ಹತ್ತಿರ ನಿಜ ಹೇಳಿದ್ದರೆ..."

"ನನಗೆ ಬೇರೆ ಹೋಟೆಲು ಸಿಗ್ತದೆ" ಅಂದ ಅವನು, ನೊರೆ ಒರೆಸುತ್ತಾ. "ನಿಮಗೆ ಎಲ್ಲಿ ಸಿಗ್ತದೆ ಅಕ್ಕ?"

ಇಪ್ಪತ್ತು ವರ್ಷದಲ್ಲಿ ಅವನು ನನ್ನ ಹತ್ತಿರ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನಾನು ಅತ್ತೆ. ಸೆರಗು ಬಾಯಿಗೆ ತುರುಕಿಕೊಂಡು, ಸಣ್ಣ ಮಕ್ಕಳ ಹಾಗೆ. ಅವನು ಎದ್ದು ಹೊರಗೆ ಹೋಗಿ ನಿಂತ.

ಮುಖ ತೊಳೆದು ಗಲ್ಲಾದ ಹತ್ತಿರ ಹೋದೆ. ಚಾದ ಹೊತ್ತು, ಏಳೆಂಟು ಗಿರಾಕಿಗಳಿದ್ದರು. ಈ ಸಲ ಸೋಪಿನ ಮಾತು ಎತ್ತಿದರೆ ನಾನು ಮನುಷ್ಯಳೇ ಅಲ್ಲ ಅಂದುಕೊಂಡು, ನಿಂತಲ್ಲೇ ದೊಡ್ಡ ದನಿಯಲ್ಲಿ ಹೇಳಿದೆ: "ಇಕೊಳ್ಳಿ, ಐದೂವರೆಗೆ ಕಡೆಯಲಿಕ್ಕೆ ಹೇಳಿದ್ದು ನಾನು. ಎಂಟಕ್ಕೆ ಅಂತ ಅವನು ಹೇಳಿದ, ನಾನು ಕೇಳಲಿಲ್ಲ. ಬೆಳಿಗ್ಗೆ ಸರಿ ಉಂಟು ಅಂದದ್ದೂ ನಾನೇ. ನನಗೆ ಮೂಗಿಲ್ಲ. ಜ್ವರ ಬಂದಾಗಿನಿಂದ ಏನೂ ವಾಸನೆ ಗೊತ್ತಾಗುವುದಿಲ್ಲ."

ಯಜಮಾನರು ಎಣಿಸುತ್ತಿದ್ದ ಚಿಲ್ಲರೆಯನ್ನು ಗಲ್ಲಾಕ್ಕೆ ಹಾಕಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಮೆಲ್ಲಗೆ ಕೇಳಿದ್ದು ಬೇರೆಯೇ. "ಯುಗಾದಿಗೆ ಮಲ್ಲಿಗೆ ತಂದಾಗ, ಎಂಥ ಪರಿಮಳ ಅಂದೆಯಲ್ಲ?"

"ಸುಳ್ಳು ಹೇಳಿದೆ."

ಅವರು ಗಲ್ಲಾ ಬಿಟ್ಟು ಎದ್ದರು. ಗಿರಾಕಿಗಳಿರುವಾಗ ಅವರು ಹಾಗೆ ಎದ್ದು ಹೋಗುವವರಲ್ಲ. ಒಳಗೆ ಹೋಗಿ ಅವನ ಹತ್ತಿರ ಏನು ಹೇಳಿದರು ಅಂತ ನನಗೆ ಕೇಳಿಸಲಿಲ್ಲ, ಕೇಳಿಸಿಕೊಳ್ಳುವ ಧೈರ್ಯವೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಿಂಬಾಗಿಲ ಹತ್ತಿರ ಇದ್ದ ಬ್ಯಾಗು ಅಲ್ಲಿರಲಿಲ್ಲ. ಬಸ್ಸಿಗೆ ಹೋದನೇ ಅಂತ ಹೊರಗೆ ಬಗ್ಗಿ ನೋಡಿದೆ. ಆಮೇಲೆ ಗ್ರೈಂಡರಿಗೆ ನೀರು ಸುರಿಯುವ ಸದ್ದು ಕೇಳಿತು.

ಮಾರನೆಯ ಬೆಳಿಗ್ಗೆ ಕೆಳಗಿಳಿಯಲಿಕ್ಕೆ ಕಾಲೇ ಬರಲಿಲ್ಲ. ಇಳಿದೆ. ಭಟ್ಟರು, ತಟ್ಟೆ ತೊಳೆಯುವವರು, ಎಲ್ಲರಿಗೂ ಆಗಲೇ ವಿಷಯ ಗೊತ್ತಾಗಿತ್ತು, ಎಲ್ಲರೂ ನನ್ನನ್ನು ನೋಡದ ಹಾಗೆ ನೋಡುತ್ತಿದ್ದರು. ಅವನು ಎಂದಿನ ಹಾಗೆ ಪಾತ್ರೆಯ ಮುಚ್ಚಳ ತೆಗೆದು ನನಗೆ ಬಗ್ಗಲಿಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತ.

ನಾನು ಬಗ್ಗಲಿಲ್ಲ. "ನೀನೇ ನೋಡಿ ಹೇಳು" ಅಂದೆ.